ಹಳದಿ ಚೀಟಿಯ ಗಿಡ

"ಈ ಗಿಡದ ಹೆಸರೇನಂತ ನನಗೂ ಗೊತ್ತಿಲ್ರಿ. ಗೊತ್ತಿದ್ದವರು ಹೇಳ್ರಿ, ಗೊತ್ತಿಲ್ಲದವರು ಸವಾಲು ಕೂಗ್ರಿ."

ಪ್ರಭುದಾಸರು ಕುಂಡವನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದರು.

ಸುಗ್ಗಿ ಹಬ್ಬದ ಆರಾಧನೆ ಆಗಷ್ಟೇ ಮುಗಿದಿತ್ತು. ಜನ ಕಾಣಿಕೆಯಾಗಿ ತಂದಿಟ್ಟ ಕುಂಬಳಕಾಯಿ, ಜೋಳದ ತೆನೆ, ಕೋಳಿ, ಕೇಕು ಎಲ್ಲವೂ ಚರ್ಚಿನ ಅಂಗಳದಲ್ಲಿ ಒಂದೊಂದಾಗಿ ಸವಾಲಿಗೆ ಬರುತ್ತಿದ್ದವು. ಯಾರು ಹೆಚ್ಚು ಕೂಗುತ್ತಾರೋ ಅವರ ಪಾಲು. ರೈಲ್ವೆ ವರ್ಕ್‌ಶಾಪಿನ ಗದ್ದಲದಲ್ಲಿ ಮಾತಾಡಿ ಪಳಗಿದ ಗಂಟಲು ಪ್ರಭುದಾಸರದು. ಹೀಗಾಗಿ ನಿವೃತ್ತರಾದ ಮೇಲೂ ಸವಾಲು ನಡೆಸುವ ಕೆಲಸ ಅವರಿಗೇ ಬರುತ್ತಿತ್ತು.

ಕುಂಡದಲ್ಲಿದ್ದದ್ದು ಗಿಡವೆಂದರೆ ಗಿಡ, ಅಲ್ಲವೆಂದರೆ ಅಲ್ಲ. ಎಲೆಯ ಸುಳಿವೇ ಇಲ್ಲ. ಬೆರಳು ಗಾತ್ರದ, ನಾಲ್ಕು ಮೂಲೆಯ ಹಸಿರು ಕಡ್ಡಿಗಳು ಒತ್ತೊತ್ತಾಗಿ ನಿಂತಿದ್ದವು. ತಂದವರು ತಮ್ಮ ಹೆಸರನ್ನೂ ಇಟ್ಟಿರಲಿಲ್ಲ, ಅದರ ಹೆಸರನ್ನೂ ಇಟ್ಟಿರಲಿಲ್ಲ.

"ನೂರು," ಎಂದಳು ಜೂಲಿಯಾ.

ಪ್ರಭುದಾಸರು ಎತ್ತಿದ ಕುಂಡದ ಕೆಳಗಿಂದ ಇಣುಕಿ ನೋಡಿದರು. ಕೂಗಿದವಳು ಅವರ ಮಗಳೇ. ಮನೆಯಲ್ಲಿದ್ದ ಮಲ್ಲಿಗೆ, ಸೇವಂತಿಗೆ ಎಲ್ಲವನ್ನೂ ಮಂದಿಗೆ ಹಂಚಿಬಿಟ್ಟಿದ್ದ ಹುಡುಗಿ, ವರ್ಷಗಳ ನಂತರ ಒಂದು ಗಿಡ ಬೇಕೆಂದಿದ್ದಳು.

"ನೂರೈವತ್ತು," ಎಂದಿತು ಹಿಂದಿನಿಂದ ಒಂದು ದನಿ.

ಅವಳು ತಿರುಗಿ ನೋಡಿದಳು. ಎತ್ತರದ ಆಳು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಣ್ಣೆಲ್ಲ ಕುಂಡದ ಮೇಲೆ. ಅವಳನ್ನು ಅವನು ಗಮನಿಸಿಯೇ ಇರಲಿಲ್ಲ. ಅದಕ್ಕೇ ಅವಳಿಗೆ ಹಟ ಬಂತೋ ಏನೋ, ಅವಳು ಏರಿಸಿದಳು. ಅವನೂ ಏರಿಸಿದ. ಮತ್ತೆ ಅವಳು. ಅಂಗಳದ ಜನ ಕುಂಬಳಕಾಯಿಯ ಚಿಂತೆ ಬಿಟ್ಟು ಇವರಿಬ್ಬರನ್ನು ನೋಡತೊಡಗಿದರು.

ಆಗ ಅವನು ಮೊದಲ ಸಲ ಅವಳ ಮುಖ ನೋಡಿದ. ನೋಡಿ ಕೈ ಕೆಳಗಿಳಿಸಿದ.

"ಅವ್ರಿಗೇ ಬಿಡ್ರಿ ಕಾಕಾ. ಆದ್ರ ಒಂದು ಕರಾರು. ಹೆಸರು ಹುಡುಕಿ ಕೊಡೂ ಕೆಲಸ ನನ್ನ ಪಾಲಿಗಿರ್ಲಿ."

ಅಂಗಳವೆಲ್ಲ ನಕ್ಕಿತು. ಸ್ತ್ರೀಯರ ಸಂಘದ ಗ್ರೇಸಿ ಆಂಟಿ ಪಕ್ಕದವರ ಮೊಣಕೈ ತಿವಿದರು. ಮದುವೆಯಾಗದ ಹುಡುಗ, ಮದುವೆಯಾಗದ ಹುಡುಗಿ, ನಡುವೆ ಒಂದು ಕುಂಡ. ಅವರಿಗೆ ಇಷ್ಟು ಸಾಕಾಗಿತ್ತು.

ಜೂಲಿಯಾಳ ಕಿವಿ ಬಿಸಿಯಾಯಿತು.

"ಗಿಡ ನಂದಾದ ಮ್ಯಾಲ ಅದರ ಹೆಸರು ನಿಮಗ್ಯಾಕ್ರಿ?"

"ಹೆಸರಿಲ್ಲದ್ದು ಕಣ್ಣ ಮುಂದಿದ್ರ ನನಗ ಊಟ ಸೇರೂದಿಲ್ರಿ."

"ಹಂಗಾರ ಉಪವಾಸ ಇರ್ರಿ."

ಅವನ ಹೆಸರು ಸ್ಯಾಮ್. ಆ ದಿನ ಮಧ್ಯಾಹ್ನ ಅವನು ಚರ್ಚಿನ ಊಟದಲ್ಲಿ ಎರಡು ಸಲ ಪಲಾವ್ ಹಾಕಿಸಿಕೊಂಡದ್ದನ್ನು ಅವಳು ದೂರದಿಂದ ನೋಡಿದಳು.

*

ಆ ಗಿಡವೇ ಏಕೆ ಬೇಕಾಗಿತ್ತು ಅವಳಿಗೆ?

ಅದು ಹೂ ಬಿಡುವಂತೆ ಕಾಣುತ್ತಿರಲಿಲ್ಲ. ಅಷ್ಟೇ ಕಾರಣ.

ಕೊರೋನಾದ ಎರಡನೇ ಅಲೆಯಲ್ಲಿ ಬಂದ ಜ್ವರ ಜೂಲಿಯಾಳ ಮೂಗಿನಿಂದ ವಾಸನೆಯನ್ನು ಕಿತ್ತುಕೊಂಡು ಹೋಗಿತ್ತು. ಉಳಿದವರಿಗೆಲ್ಲ ತಿಂಗಳೊಳಗೆ ಮರಳಿ ಬಂತು. ಅವಳಿಗೆ ಬರಲಿಲ್ಲ. ಡಾಕ್ಟರರು ಕಾಯಲು ಹೇಳಿದರು, ಅವಳು ಕಾದಳು. ಕಾಯುವುದು ಬೇಸರವಾದಾಗ ಮಲ್ಲಿಗೆ ಬಳ್ಳಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಳು.

ಆಗಲೇ ಅವಳಿಗೆ ನಿಶ್ಚಿತಾರ್ಥವೂ ಆಗಿತ್ತು. ಅತ್ತೆಯಾಗಬೇಕಿದ್ದವರು ಒಂದು ಮುಂಜಾನೆ ಮನೆಗೆ ಬಂದಿದ್ದರು. ಜೂಲಿಯಾ ಹಾಲು ಕಾಯಲಿಟ್ಟು, ಅವರ ಎದುರು ಕೂತು ಸೀರೆಯ ಮಾತಾಡುತ್ತಿದ್ದಳು. ಒಳಗೆ ಹಾಲು ಉಕ್ಕಿ ಒಲೆ ಆರಿತ್ತು. ಗ್ಯಾಸು ನಡುಮನೆಯವರೆಗೆ ಹರಡಿದರೂ ಅವಳು ನಗುನಗುತ್ತ ಮಾತಾಡುತ್ತಲೇ ಇದ್ದಳು. ಬಂದವರೇ ಎದ್ದು ಓಡಿ ಹೋಗಿ ಗುಂಡಿ ತಿರುಗಿಸಿದರು.

"ಮನಿ ಸುಟ್ಟ ಮ್ಯಾಲ ಯಾರ್ರಿ ಹೊಣಿ?" ಎಂದು ಒಂದು ವಾರದಲ್ಲಿ ಹೇಳಿ ಕಳಿಸಿದರು. ಉಂಗುರಗಳು ಮರಳಿದವು.

ಅಂದಿನಿಂದ ಪ್ರಭುದಾಸರು ಪೇಪರ್ ಓದುವ ಜಾಗ ಬದಲಾಯಿತು. ಅಡಿಗೆಮನೆಯಲ್ಲಿ ಒಂದು ಕಟ್ಟಿಗೆಯ ಸ್ಟೂಲ್ ಹಾಕಿಕೊಂಡರು. ಮಗಳು ಒಲೆ ಹಚ್ಚಿದಾಗೆಲ್ಲ ಅವರಿಗೆ ಪೇಪರ್ ಓದುವ ಮನಸ್ಸಾಗುತ್ತಿತ್ತು. ಇದರ ಬಗ್ಗೆ ತಂದೆ ಮಗಳು ಒಂದು ಮಾತೂ ಆಡಿದವರಲ್ಲ.

ಮನೆಯ ಹೊರಗೆ ಜೂಲಿಯಾ ತನ್ನದೇ ಉಪಾಯ ಮಾಡಿಕೊಂಡಿದ್ದಳು. ತಾನು ಕೆಲಸ ಮಾಡುವ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಯಾರಾದರೂ ಸೆಂಟು ತೋರಿಸಿದರೆ "ಛಲೋ ಐತಿ" ಅನ್ನುವುದು. ಯಾರಾದರೂ ಮೂಗು ಮುಚ್ಚಿದರೆ "ಹೌದಲ್ಲ" ಅಂದು ತಾನೂ ಮುಚ್ಚುವುದು. ಈ ಎರಡು ಮಾತಿನ ಮೇಲೆ ಅವಳ ಬದುಕು ನಡೆದಿತ್ತು. ಯಾರಿಗೂ ಗೊತ್ತಾಗಬಾರದು, ಅಷ್ಟೇ. ಗೊತ್ತಾದವರು ಉಂಗುರ ಮರಳಿಸುತ್ತಾರೆ.

ಅಂಥವಳಿಗೆ ಹೂವಿಲ್ಲದ, ಯಾರೂ "ವಾಸನಿ ನೋಡು" ಎನ್ನದ ಒಂದು ಗಿಡ ಸಿಕ್ಕಿತ್ತು.

*

ಮುಂದಿನ ಶನಿವಾರವೇ ರಾಯಾಪುರದ ಅವರ ಮನೆಯ ಮುಂದೆ ಬೈಕು ನಿಂತಿತು.

"ಧಾರವಾಡದಿಂದ ತಾರಿಹಾಳಕ್ಕ ಹೊಂಟಿದ್ದೆ. ಹಾದಿಮ್ಯಾಗ ಬಿತ್ತು," ಎಂದ ಸ್ಯಾಮ್.

ತಾರಿಹಾಳದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅವನಿಗೆ ತಪಾಸಣೆಯ ಕೆಲಸ. ಪಾಸಾದ ಭಾಗಕ್ಕೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು, ಏನೆಂದು ತೀರ್ಮಾನವಾಗದ್ದಕ್ಕೆ ಹಳದಿ. ಅವನು ಜೇಬಿನಿಂದ ಹಳದಿ ಚೀಟಿಯೊಂದನ್ನು ತೆಗೆದು ಗಿಡದ ಕಡ್ಡಿಗೆ ಕಟ್ಟಿದ.

"ಗಿಡಕ್ಕೂ ಚೀಟೀನ?" ಜೂಲಿಯಾ ಕೇಳಿದಳು.

"ಹೆಸರು ಸಿಗೂತನಾ ಹಳದಿ. ಒಂದು ಸೂಜಿ ಕೊಡ್ರಿ."

ಸೂಜಿಯಿಂದ ಕಡ್ಡಿಗೆ ಮೆಲ್ಲಗೆ ಚುಚ್ಚಿದ. ನೀರಿನಂಥ ಹನಿಯೊಂದು ಹೊರಬಂತು.

"ಕಳ್ಳಿ ಆಗಿದ್ರ ಬೆಳ್ಳಗ ಹಾಲು ಬರಬೇಕಿತ್ತು. ಇದು ಕಳ್ಳಿ ಅಲ್ಲ. ಇದರ ಮುಳ್ಳು ಮುಟ್ಟಿ ನೋಡ್ರಿ."

ಅವಳು ಮುಟ್ಟಿದಳು. ಮುಳ್ಳಿನಂತೆ ಕಂಡದ್ದು ಬೆರಳಿಗೆ ಮೆತ್ತಗೆ ಹತ್ತಿತು.

"ಚುಚ್ಚೂದ ಇಲ್ಲಲ್ರಿ."

"ಸುಮ್ನ ಹೆದರಸ್ತೈತಿ. ಕೆಲವು ಮಂದಿ ಹಂಗ ಇರ್ತಾರ ನೋಡ್ರಿ," ಎಂದ ಅವನು ಅವಳನ್ನು ನೋಡದೆ.

ಇಷ್ಟೆಲ್ಲ ಮಾತಾಡಿದನೆಂದು ಅವನು ದೊಡ್ಡ ತಜ್ಞನೇನೂ ಅಲ್ಲ. ದಪ್ಪ ಎಲೆ, ದಪ್ಪ ಕಾಂಡದ ಗಿಡ ಬೆಳೆಸುವವರ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಸೇರಿಕೊಂಡಿದ್ದ. ಅಲ್ಲಿನವರು ಹೇಳಿದ್ದರಲ್ಲಿ ಅರ್ಧ ಮರೆಯುತ್ತಿದ್ದ. ಫೋನಿನ ಆ್ಯಪು ಸೋಮವಾರ ಒಂದು ಹೆಸರು ಹೇಳಿದರೆ ಗುರುವಾರ ಇನ್ನೊಂದು ಹೇಳುತ್ತಿತ್ತು. ಅವನು ಪ್ರತಿ ಸಲವೂ ನಂಬಿ, ಬೈಕು ಹತ್ತಿ ಬಂದು, ಚೀಟಿಯ ಮೇಲೆ ಬರೆದು, ಮುಂದಿನ ವಾರ ಬಂದು ಹೊಡೆದು ಹಾಕುತ್ತಿದ್ದ.

"ಹೂ ಬರಬೇಕ್ರಿ. ಹೂ ಬಂದ್ರನ ಖಾತ್ರಿ ಹೇಳಾಕ ಬರ್ತೈತಿ," ಎಂದ ಒಂದು ದಿನ.

"ಇದು ಹೂ ಬಿಡೂ ಜಾತಿ ಅಲ್ಲ," ಎಂದಳು ಜೂಲಿಯಾ ತಟ್ಟನೆ.

"ಪ್ರಾರ್ಥನಾ ಮಾಡ್ರಿ."

ಮಾಡಿದಳು. ಬರದಿರಲಿ ಎಂದು.

ಬೇಸಿಗೆ ಕಳೆಯಿತು. ಅವಳು ಶನಿವಾರಗಳನ್ನು ಎದುರು ನೋಡತೊಡಗಿದ್ದಳು. ಬೈಕಿನ ಸದ್ದು ಗುರುತಾಗುತ್ತಿತ್ತು. ಅವನು ಬಂದರೆ ಸಿಟ್ಟು, ಬರದಿದ್ದರೆ ಇನ್ನೂ ಸಿಟ್ಟು. ಒಮ್ಮೆ ಪ್ರಭುದಾಸರು ಊರಲ್ಲಿಲ್ಲದಾಗ ಅವಳೇ ಚಹಾ ಮಾಡಿ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಬಟ್ಟಲನ್ನು ನೋಡಿದ, ಅವಳನ್ನು ನೋಡಿದ, ಪೂರ್ತಿ ಕುಡಿದ. ಇನ್ನೊಂದು ಬಟ್ಟಲು ಕೇಳಿದ.

ಹೆಸರು ಸಿಕ್ಕುಬಿಟ್ಟರೆ ಇವನು ಬರುವುದು ನಿಲ್ಲುತ್ತದೆ... ಎಂಬ ಯೋಚನೆ ಅಂದು ರಾತ್ರಿ ಅವಳಿಗೆ ಬಂತು. ಬಂದದ್ದು ಹೋಗಲಿಲ್ಲ. ತನಗೆ ಅವನು ಬೇಕು ಎಂದು ಜೂಲಿಯಾ ತನ್ನೊಳಗೆ ಒಪ್ಪಿಕೊಂಡಳು. ಅವನಿಗೆ ಹೇಳುವುದು ಮಾತ್ರ ಸಾಧ್ಯವಿರಲಿಲ್ಲ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಾಗ ಗಿಡದ ಬುಡದಲ್ಲಿ ಒಂದು ಮೊಗ್ಗು ಕಾಣಿಸಿತು. ದಿನ ಕಳೆದಂತೆ ಅದು ಗಾಳಿ ತುಂಬಿದ ಬಲೂನಿನ ಹಾಗೆ ಉಬ್ಬಿತು.

*

ಅದು ಅರಳಿದ್ದು ಒಂದು ಶನಿವಾರ. ಪ್ರಭುದಾಸರು ಬೆಟಗೇರಿಯ ತಂಗಿಯ ಮನೆಗೆ ಹೋಗಿದ್ದರು. ಸ್ಯಾಮ್ ಕಾರ್ಖಾನೆಯ ಕೆಲಸಕ್ಕೆಂದು ವಾರದಿಂದ ಕೊಲ್ಲಾಪುರದಲ್ಲಿದ್ದ. ಮನೆಯಲ್ಲಿ ಜೂಲಿಯಾ, ಎದುರಿಗೆ ಹೂವು.

ಐದು ಮೂಲೆಯ ದೊಡ್ಡ ನಕ್ಷತ್ರ, ಅವಳ ಅಂಗೈಗಿಂತ ಅಗಲ. ತಿಳಿ ಹಳದಿಯ ಮೇಲೆ ಕೆಂಪು ಗೆರೆಗಳು, ಅಂಚಿಗೆ ಸಣ್ಣ ಕೂದಲು. ಅವಳು ಫೋಟೋ ತೆಗೆದು ಕಳಿಸಿದಳು. ಮರುಕ್ಷಣವೇ ಫೋನು ಬಂತು.

"ಜೂಲಿಯಾ ಅವ್ರ, ಇದನ್ನ ನಾ ಪುಸ್ತಕದಾಗ ನೋಡೀನಿ. ಇದರ ಬಳಗದಾಗ ಬ್ಯಾರೆ ಬ್ಯಾರೆ ಅದಾವು. ಫೋಟೋದ ಮ್ಯಾಲ ಹೇಳಾಕ ಆಗೂದಿಲ್ಲ. ವಾಸನಿ ಹೆಂಗೈತಿ ಹೇಳ್ರಿ."

ಅವಳು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಹಲೋ? ವಾಸನಿ ಮ್ಯಾಲೇ ಎಲ್ಲಾ ನಿಂತೈತ್ರಿ. ಜರಾ ಹತ್ರ ಹೋಗಿ ನೋಡ್ರಿ."

ಅವಳು ನಿಜವಾಗಿಯೂ ಬಗ್ಗಿದಳು. ಮೂಗು ದಳಕ್ಕೆ ತಾಗುವವರೆಗೆ ಬಗ್ಗಿ ಉಸಿರು ಎಳೆದಳು. ಗಾಳಿ ಮಾತ್ರ ಬಂತು. ಬೇರೆ ಏನೂ ಬರಲಿಲ್ಲ.

"ಛಲೋ ಐತಿ," ಎಂದಳು.

"ಛಲೋ ಅಂದ್ರ?"

"ಸಣ್ಣಗ... ಮಲ್ಲಿಗಿ ಹಂಗ."

"ಖರೇನ?"

"ಖರೇ."

"ಹಂಗಾರ ನನ್ನ ಅಂದಾಜು ತಪ್ಪು," ಎಂದ ಸ್ಯಾಮ್. "ನಾಳಿ ಮುಂಜಾನೆ ಊರಿಗೆ ಬರ್ತೇನಿ. ಸೀದಾ ಚರ್ಚಿಗೇ ಬರ್ತೇನಿ."

ಅವನ ದನಿಯಲ್ಲಿ ಇದ್ದ ಸಂತೋಷ ಅವಳ ತಲೆ ಕೆಡಿಸಿತು. ಮರುದಿನ ಚರ್ಚಿನಲ್ಲಿ ಹೂವಿಡುವ ಪಾಳಿ ಅವರ ಮನೆಯದೇ ಆಗಿತ್ತು. ಪ್ರತಿ ಸಲ ತಂದೆ ಪೇಟೆಗೆ ಹೋಗಿ ಆರಿಸಿ ತರುತ್ತಿದ್ದರು. ಈ ಸಲ ಅವರಿಲ್ಲ. ಇದನ್ನೇ ಇಡೋಣ, ಅವನು ಬಾಗಿಲಿಂದ ಬರುವಾಗಲೇ ನೋಡಲಿ ಎಂದುಕೊಂಡಳು. ಪ್ರೀತಿಯಲ್ಲಿದ್ದವರು ಇದಕ್ಕಿಂತ ದೊಡ್ಡ ಮೂರ್ಖತನ ಮಾಡುತ್ತಾರೆ, ಆದರೆ ಸಾಮಾನ್ಯವಾಗಿ ಚರ್ಚಿನಲ್ಲಿ ಮಾಡುವುದಿಲ್ಲ.

ಭಾನುವಾರ ಮುಂಜಾನೆ ಖಾದರಬಾಷಾನ ಆಟೋದಲ್ಲಿ ಕುಂಡ ಹೊರಟಿತು. ರಾಯಾಪುರ ದಾಟುವ ಮೊದಲೇ ಖಾದರಬಾಷಾ ಕರವಸ್ತ್ರ ತೆಗೆದ.

"ಏನೋ ಸತ್ತಂಗ ವಾಸನಿ ಬರಾಕತ್ತೈತಲ್ರಿ ಅಕ್ಕಾರ."

"ಹೌದಲ್ಲ," ಎಂದಳು ಜೂಲಿಯಾ, ತಾನೂ ಸೆರಗು ಮೂಗಿಗೆ ಹಿಡಿಯುತ್ತ. "ಗಟಾರ ಇರಬೇಕು."

"ಇಷ್ಟ ದೂರತನಾ ಗಟಾರ ಏನ್ರಿ?" ಎಂದ ಅವನು. ಆಟೋ ಜೋರಾಗಿ ಓಡಿತು.

*

ಚರ್ಚಿನ ಕಿಟಕಿಗಳೆಲ್ಲ ತೆರೆದಿದ್ದರಿಂದ ಆರಂಭದ ಗೀತೆಯವರೆಗೆ ಏನೂ ಆಗಲಿಲ್ಲ. ಪ್ರಸಂಗಪೀಠದ ಮುಂದಿನ ಮೇಜಿನ ಮೇಲೆ ನಕ್ಷತ್ರ ಹೂವು ಚೆಂದ ಕಾಣುತ್ತಿತ್ತು. ಒಂದಿಬ್ಬರು ಫೋಟೋ ತೆಗೆದರು. ಹತ್ತಿರ ಬಂದವರು ಮಾತ್ರ ಬೇಗ ಹಿಂದೆ ಸರಿದರು.

ಬಿಸಿಲು ಏರಿತು. ಎರಡನೇ ಗೀತೆಯ ಹೊತ್ತಿಗೆ ಮುಂದಿನ ಬೆಂಚುಗಳಲ್ಲಿ ಹಾಡು ನಿಂತಿತು. ಸಭಾಪಾಲಕರು ಕೆಮ್ಮಿದರು. ಇಬ್ಬರು ಹಿರಿಯರು ಬೆಂಚಿನ ಕೆಳಗೆ ಬಗ್ಗಿ ನೋಡಿದರು, ಒಬ್ಬರು ಹಾರ್ಮೋನಿಯಂ ಎತ್ತಿ ನೋಡಿದರು.

"ಇಲಿ ಸತ್ತೈತಿ ಎಲ್ಲೋ," ಎಂದು ಗ್ರೇಸಿ ಆಂಟಿ ಪಿಸುಗುಟ್ಟಿದರು.

"ಹೌದಲ್ರಿ ಆಂಟಿ. ಭಾಳ ವಾಸನಿ," ಎಂದಳು ಪಕ್ಕದಲ್ಲಿದ್ದ ಜೂಲಿಯಾ, ಮೂಗು ಮುಚ್ಚಿ.

ಹೂವಿನ ಮೇಲೆ ಹಸಿರು ನೊಣಗಳು ಕೂತಿದ್ದವು. ಅದೇನೆಂದು ಅವಳು ಯೋಚಿಸುವಷ್ಟರಲ್ಲಿ ಬಾಗಿಲಲ್ಲಿ ಸ್ಯಾಮ್ ಕಾಣಿಸಿಕೊಂಡ. ಬಸ್ಸಿನಿಂದ ಇಳಿದು ನೇರವಾಗಿ ಬಂದಿದ್ದ, ಬೆನ್ನಿಗೆ ಚೀಲ. ಅವಳು ನಕ್ಕಳು. ಅವನು ನಗಲಿಲ್ಲ. ಒಂದು ಉಸಿರು ಎಳೆದು ಹೂವನ್ನು ನೋಡಿದ, ಮುಚ್ಚಿದ ಅವಳ ಮೂಗನ್ನು ನೋಡಿದ, ನಗುತ್ತಿದ್ದ ಅವಳ ಕಣ್ಣನ್ನು ನೋಡಿದ.

ಆಮೇಲೆ ನಡುವಿನ ಹಾದಿಯಲ್ಲಿ ನಡೆದು ಬಂದು ಕುಂಡವನ್ನು ಎತ್ತಿಕೊಂಡ.

"ತಪ್ಪು ತಿಳೀಬ್ಯಾಡ್ರಿ ಅಯ್ನೋರ. ವಾಸನಿ ಇದರದು. ಈ ಗಿಡ ಈಗ ನಂದು. ಇವ್ರಿಗೆ ಏನೂ ಹೇಳದ, ಚಂದ ಕಾಣ್ತೈತಿ ಅಂತ ನಾನ ಇಡಿಸಿದ್ದೆ. ತಪ್ಪು ನಂದು."

ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಅವನು ಯಾರನ್ನೂ ನೋಡದೆ ಕುಂಡ ಹೊತ್ತು ಹೊರಗೆ ಹೋದ.

ಗ್ರೇಸಿ ಆಂಟಿ ಮೆಲ್ಲಗೆ ಅವಳತ್ತ ತಿರುಗಿದರು. "ಜೂಲಿ... ನಿನಗ ವಾಸನಿ ಬರ್ಲಿಲ್ಲೇನವಾ?"

"ನೆಗಡಿ ಆಗೇತ್ರಿ ಆಂಟಿ."

ಪ್ರಸಂಗದ ಒಂದು ಮಾತೂ ಅವಳಿಗೆ ಕೇಳಿಸಲಿಲ್ಲ. ಅವನಿಗೆ ಗೊತ್ತಾತು. ಅವನಿಗೆ ಗೊತ್ತಾತು.

ಆರಾಧನೆ ಮುಗಿದಾಗ ಸ್ಯಾಮ್ ಬೇವಿನ ಮರದ ಕೆಳಗೆ ಕುಂಡದ ಪಕ್ಕ ನಿಂತಿದ್ದ.

"ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದಳು.

"ಈಗ. ಬಾಗಲದಾಗ ನಿಂತಾಗ."

"ಸುಳ್ಳು. ನಿನ್ನಿ ಫೋನಿನ್ಯಾಗ ವಾಸನಿ ಹೆಂಗೈತಿ ಅಂತ ಅಷ್ಟು ಸಲ ಯಾಕ ಕೇಳಿದ್ರಿ? ತಪಾಸಣಾ ಮಾಡೂದು ನಿಮ್ಮ ಕೆಲಸ ಅಲ್ಲೇನ್ರಿ. ನನ್ನೂ ಮಾಡಿದ್ರಿ."

"ಜೂಲಿಯಾ ಅವ್ರ, ನಾ..."

"ಗಿಡ ನಿಮ್ಮದಂತ ಎಲ್ಲಾರ ಮುಂದ ಹೇಳೀರಿ. ನಿಮ್ಮ ಕಡೇನ ಇರ್ಲಿ. ಹಳದಿ ಚೀಟಿ ಬಿಚ್ಚಿ ಕೆಂಪು ಕಟ್ರಿ. ನನಗ ಅದು ರೂಢಿ ಐತಿ."

ಅವನು ಏನೋ ಹೇಳಲು ಬಾಯಿ ತೆರೆದ. ಗ್ರೇಸಿ ಆಂಟಿ ಮತ್ತು ಸ್ತ್ರೀಯರ ಸಂಘವೆಲ್ಲ ಮೆಟ್ಟಿಲಿಳಿದು ಇತ್ತಲೇ ಬರುತ್ತಿತ್ತು. ಅವನು ಬಾಯಿ ಮುಚ್ಚಿದ. ಅವಳು ಅದನ್ನು ಒಪ್ಪಿಗೆಯೆಂದು ತಿಳಿದು ಗೇಟು ದಾಟಿದಳು.

*

ಮುಂದಿನ ಶನಿವಾರ ಬೈಕು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ.

ಬರಬೇಡವೆನ್ನುವಂತೆ ಮಾತಾಡಿದವಳು ತಾನೇ, ಆದರೂ ಸಂಜೆಯಾದರೆ ಜೂಲಿಯಾ ಕಿಟಕಿಯ ಹತ್ತಿರ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಕುಂಡ ಇದ್ದ ಜಾಗದಲ್ಲಿ ದುಂಡಗಿನ ಕಲೆ ಉಳಿದಿತ್ತು. ಅದನ್ನು ಒರೆಸಬಹುದಿತ್ತು. ಒರೆಸಲಿಲ್ಲ.

"ಅವ್ನಿಗೆ ಗೊತ್ತಾದ್ರ ಏನಾತವಾ?" ಎಂದರು ಪ್ರಭುದಾಸರು, ಸ್ಟೂಲಿನ ಮೇಲಿಂದ.

"ಗೊತ್ತಾದವರು ಏನ್ ಮಾಡ್ತಾರಂತ ನೋಡೀವಲ್ಲ ಪಪ್ಪಾ."

"ಒಬ್ಬರು ಮಾಡಿದ್ದು ನೋಡೀವಿ," ಎಂದು ಅವರು ಪೇಪರ್ ತಿರುವಿದರು.

ಮೂರನೇ ಶನಿವಾರ ಬೈಕಿನ ಸದ್ದು ಕೇಳಿತು. ಜೂಲಿಯಾ ಒಳಕೋಣೆಯಲ್ಲಿದ್ದಳು. ಪ್ರಭುದಾಸರು ಅಡಿಗೆಮನೆಯಲ್ಲಿ ಹಾಲು ಕಾಯಲಿಟ್ಟಿದ್ದರು. ಅವರೇ ಬಾಗಿಲು ತೆರೆದರು, ಸ್ಯಾಮ್‌ನನ್ನು ನೋಡಿದರು, ಅವನ ಕೈಯಲ್ಲಿದ್ದ ಕುಂಡ ನೋಡಿದರು, ಒಮ್ಮೆ ಒಲೆಯ ಕಡೆ ನೋಡಿದರು. ಉರಿ ಸಣ್ಣದು ಮಾಡಿ ಬಂದು ಚಪ್ಪಲಿ ಮೆಟ್ಟಿದರು.

"ಜೂಲೀ, ಯಾರೋ ಬಂದಾರ ನೋಡು. ನಾ ಒಂದೀಟ ಅಡ್ಡಾಡಿ ಬರ್ತೇನಿ."

ಅಷ್ಟು ವರ್ಷಗಳಲ್ಲಿ ಒಲೆಯ ಮೇಲೆ ಹಾಲಿದ್ದಾಗ ಅವರು ಮಗಳನ್ನು ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು.

ಸ್ಯಾಮ್ ಕುಂಡವನ್ನು ಹಳೆಯ ದುಂಡು ಕಲೆಯ ಮೇಲೆಯೇ ಇಟ್ಟ. ಗಿಡದಲ್ಲಿ ಎರಡನೇ ಹೂವು ಅರ್ಧ ತೆರೆದಿತ್ತು.

"ಹೆಸರು ಸಿಕ್ತು," ಎಂದ. "ಸ್ಟೆಪೀಲಿಯಾ. ನೊಣಾ ಕರೀಬೇಕಂತ ಸತ್ತ ವಾಸನಿ ಬಿಡ್ತೈತಿ. ಬೀಜಾ ಕಟ್ಟಾಕ ಅದಕ್ಕ ನೊಣಾ ಬೇಕು. ತಂದಿಟ್ಟವರೂ ಸಿಕ್ಕರು, ಗ್ರೇಸಿ ಆಂಟಿ. ಹೋದ ವರ್ಷ ಇಲಿ ಸತ್ತೈತಿ ಅಂತ ಹಿತ್ತಲ ಎಲ್ಲಾ ಅಗದಿದ್ರಂತ, ವಾಸನಿ ಇದರದಂತ ಅವ್ರಿಗೂ ತಿಳದಿರ್ಲಿಲ್ಲ. ಗಿಡ ಬೆಳದು ಅಡ್ಡ ಆತು ಅಂತ ಸುಗ್ಗಿಗೆ ತಂದು ಇಟ್ಟಾರ."

ಅವಳಿಗೆ ನಗು ಬಂತು, ನುಂಗಿಕೊಂಡಳು.

"ಹೆಸರು ಸಿಕ್ತಲ್ಲ. ಇನ್ನ ಬರಾಕ ಕಾರಣ ಇಲ್ಲ ನಿಮಗ."

"ಒಂದು ಮಾತು ಹೇಳಿ ಹೊಕ್ಕೇನಿ. ಅವತ್ತ ಫೋನಿನ್ಯಾಗ ನಿಮ್ಮನ್ನ ಪರೀಕ್ಷಾ ಮಾಡ್ಲಿಲ್ಲ ನಾ. ಮಲ್ಲಿಗಿ ಅಂದ್ರಿ, ನಂಬಿದೆ. ಗುಂಪಿನವರೆಲ್ಲ ಫೋಟೋ ನೋಡಿ, ಇದು ನಾರೂ ಹೂವು ಅಂದ್ರು. ನಾ ಕೊಲ್ಲಾಪುರದ ಲಾಜಿನ್ಯಾಗ ಕುಂತು ಅವ್ರ ಕೂಡ ಜಗಳಾಡಿದೆ. ಇಲ್ಲ, ಜೂಲಿಯಾ ಅವ್ರು ಮಲ್ಲಿಗಿ ಅಂದಾರ, ನೀವ ಎಲ್ಲಾರೂ ತಪ್ಪು ಅಂದೆ."

"ಆಮ್ಯಾಲ?"

"ಗುಂಪಿನಿಂದ ಹೊರಗ ಹಾಕಿದ್ರು."

ಜೂಲಿಯಾ ಕುರ್ಚಿಯ ಮೇಲೆ ಕೂತಳು. ಊರೆಲ್ಲ ಒಂದು ಹೇಳಿದಾಗ ಇವನು ತನ್ನ ಸುಳ್ಳನ್ನು ನಂಬಿ ನಿಂತಿದ್ದ. ಅವಳ ಕಣ್ಣು ತುಂಬಿತು.

"ಮತ್ತ ಇಷ್ಟ ದಿನ ಯಾಕ ಬರ್ಲಿಲ್ಲ?"

"ಬರಬ್ಯಾಡ್ರಿ ಅಂದಂಗ ಆಗಿತ್ತು. ಕೆಂಪು ಚೀಟಿ ರೂಢಿ ಐತಿ ಅಂದ್ರಿ... ಯಾರು ಕಟ್ಟಿದ್ರೋ ಗೊತ್ತಿಲ್ಲ. ಅದನ್ನ ಕೇಳೂ ಹಕ್ಕು ನನಗೈತೋ ಇಲ್ಲೋ ಅಂತ ಹೆದರಿದೆ."

ಅವಳು ಕುರ್ಚಿಯನ್ನು ಕುಂಡದ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ತಂದೆಯನ್ನು ಬಿಟ್ಟರೆ ಬೇರೆ ಯಾರಿಗೂ ತಾನಾಗಿ ಹೇಳದ ಮಾತನ್ನು ಹೇಳಿದಳು.

"ನನಗ ವಾಸನಿ ಬರೂದಿಲ್ಲ."

ಒಂದು ಸಲ ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಜ್ವರ, ಮಲ್ಲಿಗೆ ಬಳ್ಳಿ, ಆರಿದ ಒಲೆ, ಮರಳಿ ಬಂದ ಉಂಗುರ. ಎಲ್ಲವನ್ನೂ ಹೇಳಿದಳು. ಕೊನೆಗೆ ಅವನು ಮೆಲ್ಲಗೆ ಕರೆದ.

"ಜೂಲಿಯಾ."

"ಏನು?"

"ಹಾಲು ಹೊತ್ತಾಕತ್ತೈತಿ."

ಅದೇ ಮನೆ, ಅದೇ ಒಲೆ, ಎದುರಿಗೆ ಕೂತ ಇನ್ನೊಬ್ಬ ಮನುಷ್ಯ. ಅವಳಿಗೆ ಏಳಲೂ ಆಗಲಿಲ್ಲ.

ಸ್ಯಾಮ್ ಎದ್ದು ಒಳಗೆ ಹೋದ. ಗುಂಡಿ ತಿರುಗಿಸಿದ ಸದ್ದು ಕೇಳಿತು, ಕಿಟಕಿ ತೆರೆದ ಸದ್ದು ಕೇಳಿತು. ಪಾತ್ರೆಗೆ ನೀರು ಬಿಟ್ಟು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಮುಖದಲ್ಲಿ ಗಾಬರಿಯಿರಲಿಲ್ಲ.

"ಬಂದ್ ಮಾಡೀನಿ. ಪಾತೇಲಿ ತಿಕ್ಕೂದು ಕಷ್ಟ ಐತಿ, ಅಷ್ಟ."

ಅವಳು ಅವನನ್ನೇ ನೋಡಿದಳು. "ಅಷ್ಟೇನಾ?"

"ಮತ್ತೇನ್ರಿ?" ಎಂದು ಅವನು ಕೂತ. ಅಡಿಗೆಮನೆಯ ಕಡೆ ನೋಡಿ ಕೇಳಿದ. "ಕಾಕಾ ಅಡಗಿಮನ್ಯಾಗ ಕುಂತು ಪೇಪರ್ ಯಾಕ ಓದ್ತಾರಂತ ನನಗ ತಿಳೀತಿರ್ಲಿಲ್ಲ. ಈಗ ತಿಳೀತು. ಅವ್ರಿಗೂ ವಯಸ್ಸಾತು... ಆ ಸ್ಟೂಲಿನ ಮ್ಯಾಲ ಕುಂಡ್ರಾಕ ನನಗ ಜಾಗಾ ಸಿಗ್ತೈತೇನ್ರಿ?"

ಅವಳು ಅಳುತ್ತಿದ್ದಳು. ಅಳುತ್ತಲೇ ಗಿಡದ ಕಡೆ ಬಗ್ಗಿ ಹಳದಿ ಚೀಟಿಯ ಗಂಟು ಬಿಚ್ಚಿದಳು.

"ಅವತ್ತ ನಾ ಮಾಡಿದ ಚಹಾ ಹೆಂಗಿತ್ತು? ಖರೇ ಹೇಳ್ರಿ."

"ಹೊತ್ತಿತ್ತು."

"ಮತ್ತ ಎರಡನೇ ಬಟ್ಟಲಾ ಯಾಕ ಕೇಳಿದ್ರಿ?"

"ಇನ್ನೊಂದು ಸ್ವಲ್ಪ ಹೊತ್ತು ಕುಂಡ್ರಬೇಕಿತ್ತು."

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಇನ್ನ ಮ್ಯಾಲ ಹಂಗ ಮಾಡಬ್ಯಾಡ್ರಿ. ಕೆಟ್ಟಿದ್ರ ಕೆಟ್ಟೈತಿ ಅನ್ರಿ. ಈಗ ಏನೇನ್ ವಾಸನಿ ಬರಾಕತ್ತೈತಿ, ಹೇಳ್ರಿ."

ಅವನು ಕಣ್ಣು ಮುಚ್ಚಿ ಉಸಿರು ಎಳೆದ. "ಹೊತ್ತಿದ ಹಾಲು. ಅದರ ಹಿಂದ ಈ ಹೂವು, ಭಾಳ ಕೆಟ್ಟ. ಪಕ್ಕದ ಮನ್ಯಾಗಿಂದ ಮಲ್ಲಿಗಿ. ಖರೇ ಖರೇ ಮಲ್ಲಿಗಿ."

ಅದು ತಾನು ಕೊಟ್ಟುಬಿಟ್ಟ ಬಳ್ಳಿಯದು ಎಂದು ಅವಳಿಗೆ ತಿಳಿಯಿತು. ಈ ಸಲ ಅವಳು "ಹೌದಲ್ಲ" ಎನ್ನಲಿಲ್ಲ. ಅವನ ಮಾತನ್ನು ನಂಬಿದಳು, ಅಷ್ಟೇ.

"ಆ ಸ್ಟೂಲಿಂದು ಒಂದು ಕಾಲು ಅಳ್ಳಾಡ್ತೈತಿ," ಎಂದಳು ಮೆಲ್ಲಗೆ.

"ತಾರಿಹಾಳದಾಗ ಸರಿ ಮಾಡಸ್ತೇನಿ."

"ಲಗೂ ಮಾಡಸ್ರಿ."